ಇಲಿ ಅನ್ನಾಕ ಹೋದ್ರ ಎಲಿ ಆಗೂದು

ನಮ್ಮ ಅನಂತಪುರ, ಅಥಣಿ ಕಡೆ ಮಾತಿನ ತುದಿಗೆ ‘ಇ’ ಭಾಳ. ಪುಸ್ತಕದಾಗ ಮನೆ ಅಂತ ಇದ್ರ ನಾವು ಮನಿ ಅಂತೇವಿ. ತಲಿ, ಎಲಿ, ಮಳಿ, ಹೊಳಿ, ಸೊಸಿ, ಬ್ಯಾಳಿ. ಇದನ್ನ ನಮಗ ಯಾರೂ ಕುಂಡ್ರಿಸಿಕೊಂಡು ಕಲಿಸಿಲ್ಲ, ತೊಟ್ಟಿಲದಾಗಿಂದ ಕಿವಿಗೆ ಬಿದ್ದದ್ದು. ಹಂತಾದ್ರಾಗ ನಮ್ಮ ಮನ್ಯಾಗಿನ ಐದು ವರ್ಷದ ಮೊಮ್ಮಗ ಮನೆ, ತಲೆ, ಮಳೆ ಅನ್ನಾಕ ಹತ್ತಿದ್ರ ಮಂದಿ ಸುಮ್ನ ಇರ್ತಾರೇನು? ಓಣ್ಯಾಗಿನವ್ರು ನಕ್ಕು ನಕ್ಕು ಸಾಕಾದ್ರು. ‘ಏನ್ರೀ ಅಕ್ಕಾರ, ನಿಮ್ಮ ಮೊಮ್ಮಗ ಬೆಂಗಳೂರವರ ಗತೆ ಮಾತಾಡತಾನಲ್ಲ!’ ಟಿವಿ ನೋಡಿ ಕಲ್ತಾನ ಅಂತ ಒಬ್ರು, ಮೊಬೈಲದಾಗಿನ ಕಾರ್ಟೂನ್ ನೋಡಿ ಕಲ್ತಾನ ಅಂತ ಇನ್ನೊಬ್ರು.

ನನಗ ಮಾತ್ರ ಅದು ಬೆಂಗಳೂರು ಕನ್ನಡ ಅನಸಲಿಲ್ಲ. ಯಾಕಂದ್ರ ಬೆಂಗಳೂರವರು ಇಲಿಗೆ ಎಲೆ ಅನ್ನೂದಿಲ್ಲ. ಇಂವ ಗಣಪತಿ ಮುಂದ ಕುಂತ ಇಲಿ ತೋರಿಸಿ ‘ಎಲೆ, ಎಲೆ’ ಅಂತಿದ್ದ. ಕಿವಿ ಹೋಗಿ ಕೆವೆ, ಹುಳಿ ಹೋಗಿ ಹೊಳೆ. ತುದಿ ಅಕ್ಷರ ಅಷ್ಟ ಅಲ್ಲ, ಮೊದಲನೇ ಅಕ್ಷರದಾಗೂ ‘ಇ’ ಇದ್ದಲ್ಲಿ ‘ಎ’, ‘ಉ’ ಇದ್ದಲ್ಲಿ ‘ಒ’. ಮ್ಯಾಲ ಹತ್ತಬೇಕಾದ ಸ್ವರ ಎಲ್ಲಾ ಒಂದೊಂದು ಪಾವಟಿಗಿ ಕೆಳಗ ಇಳಿದಂಗ.

ಇದಕ್ಕಿಂತ ಮೊದಲ ಎಲ್ಲಾರ ಕಿವಿಗೆ ಬಿದ್ದದ್ದು ಬ್ಯಾರೆ. ಮಮ್ಮಿಗೆ ‘ಬಬ್ಬಿ’ ಅಂತಿದ್ದ. ಮಾಮಾ ಬಂದ್ರ ‘ಬಾಬಾ ಬಂದ’. ‘ನನಗ ನೀರು ಬೇಕು’ ಅನ್ನೂದು ‘ದದಗ ದೀರ ಬೇಕು’. ಇದು ಎಲ್ಲಾರಿಗೂ ಚಾಷ್ಟಿ. ಬಂದ ಬೀಗರ ಮುಂದ ಕರದು ‘ಏ, ಮಾಮಾ ಅನ್ನು ನೋಡೂಣು’ ಅಂತ ಹೇಳ್ಸಿ ನಗೂದು. ಮುದ್ದು ಮಾತು ಅಂತ ಅದಕ್ಕೊಂದು ಹೆಸರೂ ಇಟ್ಟಾತು. ಮಾಮಾ ಅಂದ್ರ ಬಾಬಾ ಆದದ್ದು ಎಲ್ಲಾರಿಗೂ ಕೇಳಿಸ್ತು. ಸ್ವರ ಜಾರಿದ್ದು ಯಾರಿಗೂ ಕೇಳಿಸಲಿಲ್ಲ.

ಬಾಯಿ ಬಿಟ್ಕೊಂಡ ಇರೂದು ಕಣ್ಣಿಗೆ ಕಾಣತಿತ್ತು. ಹಗಲೆಲ್ಲಾ ತುಟಿ ಅಗಲ, ರಾತ್ರಿ ಗೊರಕಿ, ಮುಂಜಾನೆ ಎದ್ದ್ರ ತಲಿದಿಂಬು ಜೊಲ್ಲಿನಿಂದ ತೊಯ್ದಿರ್ತಿತ್ತು. ಊಟಕ್ಕ ಕುಂತ್ರ ಒಂದು ರೊಟ್ಟಿಗೆ ಒಂದು ತಾಸು. ಸೊಸಿ ಪಾಪ, ‘ಅತ್ತಿ, ಇವಂಗ ಹಸಿವೇ ಆಗೂದಿಲ್ಲ’ ಅಂತ ಅಳೂದು. ಮೂಗು ಕಟ್ಟಿದ ಹುಡುಗ ಬಾಯಿ ಮುಚ್ಚಿ ಅಗಿಯಾಕ ಹತ್ತಿದ್ರ ಉಸಿರು ಎಲ್ಲಿಂದ ತಗೋಬೇಕ್ರಿ? ಒಂದೆರಡು ಸಲ ಅಗದು, ಬಾಯಿ ತಗದು ಉಸಿರು ಎಳದು, ಮತ್ತ ಅಗದು, ಹಿಂಗ ಆಗತಿತ್ತು. ವಾಸನಿನೂ ಹತ್ತತಿದ್ದಿಲ್ಲ. ಒಗ್ಗರಣಿ ಹಾಕಿದ್ರ ಮನಿಮಂದಿಯೆಲ್ಲಾ ಸೀನಿದ್ರೂ ಇಂವ ಆರಾಮ ಇರ್ತಿದ್ದ.

ರಾತ್ರಿ ಕತಿ ಹೇಳುವಾಗ ನನಗ ಒಂದು ತಿಳೀತು. ನಮ್ಮ ಕಡೆ ಕತಿ ಕೇಳೂರು ನಡುನಡುವೆ ಹೂಂ ಅನಬೇಕು, ಇಲ್ಲಂದ್ರ ಕತಿ ಮುಂದ ಹೋಗೂದಿಲ್ಲ. ಹೂಂ ಅನ್ನೂದು ಬಾಯಿ ಮುಚ್ಚಿ ಮೂಗಿನ್ಯಾಗ ಅನ್ನೂದು. ಇವಂದು ಹಂಗ ಬರತಿದ್ದಿಲ್ಲ. ಬಾಯಿ ತಗದು ‘ಹೋ’ ಅಂತಿದ್ದ. ‘ಬಾಯಿ ಮುಚ್ಚಿ ಹೂಂ ಅನ್ನಪಾ’ ಅಂದ್ರ ಮಾರಿ ಕೆಂಪಗಾಗೂದು, ದನಿ ಬರೂದಿಲ್ಲ. ನೀವೂ ಮಾಡಿ ನೋಡ್ರಿ. ಮೂಗು ಎರಡು ಬೆರಳಿಂದ ಗಟ್ಟಿ ಹಿಡಕೊಂಡು, ಬಾಯಿ ಮುಚ್ಚಿ ಹೂಂ ಅನ್ನಾಕ ಹೋಗ್ರಿ. ಗಾಳಿ ಹೊರಗ ಹೋಗಾಕ ದಾರಿ ಇಲ್ಲದ ದನಿ ನಿಂತ ಬಿಡತೈತಿ. ಈ ಹುಡುಗನ ಮೂಗು ಯಾರೋ ಒಳಗಿಂದ ಹಂಗ ಹಿಡದಂಗ ಇತ್ತು.

ನಾನು ಓದಿದ್ದು ಪಿಯುಸಿತನಕ. ಆದ್ರ ಸಾಲ್ಯಾಗ ಬಾಯಿಪಾಠ ಮಾಡಿದ ವರ್ಗೀಯ ಅಕ್ಷರ ಇವತ್ತಿಗೂ ನೆನಪೈತಿ. ಪ ಫ ಬ ಭ ಮ. ತ ಥ ದ ಧ ನ. ಟ ಠ ಡ ಢ ಣ. ಒಂದೊಂದು ಸಾಲಿನ ಐದನೇದು ಅನುನಾಸಿಕ, ಅಂದ್ರ ಮೂಗಿನ ಅಕ್ಷರ. ತುಟಿ ಮುಚ್ಚೂದು ಬ-ಕ್ಕೂ ಅಷ್ಟ, ಮ-ಕ್ಕೂ ಅಷ್ಟ. ಫರಕು ಏನಂದ್ರ ಮ ಅನ್ನುವಾಗ ಹಿಂದಿನ ಮೆತ್ತನ ಅಂಗುಳ ಕೆಳಗ ಇಳದು ಮೂಗಿನ ಬಾಗಿಲ ತಗೀತೈತಿ. ಮೂಗು ಕಟ್ಟಿದ್ರ ಐದನೇ ಅಕ್ಷರ ಮೂರನೇದಾಗಿ ಬರತೈತಿ. ಮ ಹೋಗಿ ಬ, ನ ಹೋಗಿ ದ, ಣ ಹೋಗಿ ಡ. ನಮಗೂ ನೆಗಡಿ ಬಂದಾಗ ನಾಕು ದಿನ ಹಂಗ ಆಗತೈತಿ. ಇವಂಗ ವರ್ಷಗಟ್ಟಲೆ ಆಗಿತ್ತು.

ಸ್ವರದ ಮಾತು ಬ್ಯಾರೆ. ಅ ಆ ಇ ಈ ಉ ಊ ಇವಕ್ಕ ಮೂಗು ಬೇಕಾಗೂದಿಲ್ಲ. ಮೂಗು ಹಿಡಕೊಂಡು ಆ, ಈ, ಊ ಅನ್ರಿ, ಹೆಚ್ಚು ಕಡಿಮಿ ಹಂಗ ಬರತಾವ. (ನಮ್ಮ ಮಾತಿನ್ಯಾಗಿನ ‘ಅಂವ’, ‘ಬಂದಾಂವ’ ಬಿಡ್ರಿ, ಅಲ್ಲಿ ‘ಅವನು’ ಅನ್ನೂದ್ರೊಳಗಿನ ನ ಕರಗಿ ಅದರ ದನಿ ಸ್ವರಕ್ಕ ಅಂಟಿಕೊಂಡೈತಿ. ಮೊಮ್ಮಗ ಅದನ್ನ ಒಣಾ ‘ಅವ’ ಅಂತಿದ್ದ.) ಹಂಗಾದ್ರ ಮೂಗು ಕಟ್ಟಿದ ಹುಡುಗನ ಇ ಯಾಕ ಎ ಆಗಬೇಕು? ನನಗ ಈ ಪ್ರಶ್ನೆ ತಲ್ಯಾಗ ಹೊಕ್ಕಿದ್ದು ಹೋಗಲಿಲ್ಲ.

ಅಷ್ಟರಾಗ ಸಾಲ್ಯಾಗಿಂದ ಸುದ್ದಿ ಬಂತು. ಹುಡುಗ ಕರದ್ರ ತಿರಗೂದಿಲ್ಲ, ಕೇಳಿದ್ದಕ್ಕ ಉತ್ತರ ಕೊಡೂದಿಲ್ಲ, ಮಧ್ಯಾಹ್ನ ಡೆಸ್ಕಿನ ಮ್ಯಾಲ ನಿದ್ದಿ ಮಾಡತಾನ, ಬುದ್ಧಿ ಮಂದ ಇರಬೇಕು, ಇನ್ನೊಂದು ವರ್ಷ ಇದ ಕ್ಲಾಸಿನ್ಯಾಗ ಕುಂಡ್ರಿಸ್ತೇವಿ ಅಂತ. ಹಿಂದಿನ ಬೆಂಚಿನ್ಯಾಗ ಕುಂಡ್ರಿಸಿಯೂ ಬಿಟ್ಟಿದ್ರು. ಸಾಲಿ ಹೆಸರು ಬ್ಯಾಡ. ಮಗ ಸಿಟ್ಟಿಗೆದ್ದ, ಸೊಸಿ ಊಟ ಬಿಟ್ಲು. ನಮ್ಮನಿಯವರು ‘ದೊಡ್ಡಾಂವ ಆದ್ರ ಎಲ್ಲಾ ಸರಿ ಆಗತೈತಿ, ನಾನೂ ಸಣ್ಣಾಂವಿದ್ದಾಗ ಗೊಣ್ಣಿ ಸುರಿಸ್ಕೋತ ಅಡ್ಡ್ಯಾಡಿದಾಂವನ’ ಅಂದ್ರು. ಮಂದ ಅನ್ನೂ ಮಾತು ಒಂದ ಸಲ ಹುಡುಗನ ಮ್ಯಾಲ ಬಿತ್ತಂದ್ರ ಅದನ್ನ ತೊಳಿಯೂದು ಎಷ್ಟು ಕಷ್ಟ ಅಂತ ಹೆಣ್ಣಮಕ್ಕಳಿಗೆ ಗೊತ್ತು. ಮರದಿನ ಮಗನ್ನ ಕರಕೊಂಡು ಹೊಂಟೆ.

ನಮ್ಮ ಕಡೆ ದೊಡ್ಡ ದವಾಖಾನಿ ಅಂದ್ರ ಮಿರಜ. ಬೆಳಗಾವಿ ಜಿಲ್ಲಾ ಕೇಂದ್ರ ಖರೆ, ಆದ್ರ ಕಾಲು ಮಿರಜ-ಸಾಂಗಲಿ ಕಡೆ ಹೊಳ್ಳತಾವ. ಅಲ್ಲಿ ಕಿವಿ-ಮೂಗು-ಗಂಟಲ ಡಾಕ್ಟರು ನೋಡಿ, ಸಣ್ಣ ನಳಿಗಿಯಂಥ ಕ್ಯಾಮೆರಾ ಮೂಗಿನ್ಯಾಗ ಬಿಟ್ಟು ಟಿವಿ ಮ್ಯಾಲ ತೋರಿಸಿದ್ರು. ಮೂಗಿನ ಹಿಂದ, ಅಂಗುಳದ ಮ್ಯಾಲ, ಹೊರಗಿಂದ ಕಾಣದ ಜಾಗಾದಾಗ ಅಡಿನಾಯ್ಡ್ ಅಂತ ಒಂದು ಮಾಂಸದ ಗಂಟು ಇರತೈತಿ. ಅದು ಎಲ್ಲಾ ಹುಡುಗೂರಿಗೂ ಇರೂದ, ಮೈಗೆ ಬರೂ ರೋಗ ತಡಿಯಾಕ ದೇವ್ರು ಇಟ್ಟದ್ದು. ಮೂರರಿಂದ ಏಳು ವರ್ಷದ ಸುಮಾರಿಗೆ ದೊಡ್ಡದಿರತೈತಿ, ಹುಡುಗ ಹರೇಕ ಬರೂದ್ರಾಗ ತಾನ ಕುಗ್ಗತೈತಿ. ನಮ್ಮನಿಯವರ ಮಾತು ಪೂರಾ ಸುಳ್ಳಲ್ಲ ನೋಡ್ರಿ. ಆದ್ರ ಕೆಲವರಿಗೆ ಅದು ಹಿಂದಿನ ಬಾಗಿಲ ಪೂರಾ ಮುಚ್ಚೂ ಅಷ್ಟು ಬೆಳೀತೈತಿ. ಇವಂದು ಹಂಗ ಆಗಿತ್ತು.

ಮಿರಜ ಅಂದ್ರ ದವಾಖಾನಿ ಅಷ್ಟ ಅಲ್ಲ, ತಂಬೂರಿ ಮಾಡೂರ ಊರೂ ಹೌದು. ದೊಡ್ಡ ದೊಡ್ಡ ಒಣಾ ಬುರುಡಿ ಅಂಗಡ್ಯಾಗ ತೂಗ ಹಾಕಿರತಾರ. ತಂತಿ ಮೀಟಿದ್ರ ದನಿ ಗುಂಯ್ ಅನ್ನೂದು ಆ ಬುರುಡಿ ಖಾಲಿ ಇರೂದ್ರಿಂದ. ಅದರಾಗ ಅರಬಿ ತುರುಕಿದ್ರ ತಂತಿ ಅದ ಇದ್ರೂ ದನಿ ಸಾಯತೈತಿ. ಡಾಕ್ಟರು ವಿವರಸಾಕ ಹತ್ತಿದಾಗ ನನಗ ಆ ಬುರುಡಿನ ಕಣ್ಣ ಮುಂದ ಬಂತು. 1868ರಾಗ ಡೆನ್ಮಾರ್ಕಿನ ಕೋಪನ್‌ಹೇಗನ್ ಊರಿನ ಮೇಯರ್ ಅನ್ನೂ ಡಾಕ್ಟರು ಈ ಗಂಟಿನ ಸುದ್ದಿ ಮೊದಲ ಸಲ ಸರಿಯಾಗಿ ಬರದ್ರಂತ. ಅವರೂ ಇಂಥಾ ಮಂದಿ ಮಾತಿಗೆ ಸತ್ತ ದನಿ ಅನ್ನೂ ಅರ್ಥದ ಮಾತ ಬಳಸ್ಯಾರ.

ಆಮ್ಯಾಲ ಕಿವಿ ಪರೀಕ್ಷಾ. ಇಲ್ಲಿ ನನಗ ಗಂಟಲು ಕಟ್ಟಿತು. ಮೂಗಿನ ಹಿಂದಿನಿಂದ ಎರಡೂ ಕಿವಿಗೆ ಸಣ್ಣ ನಳಿಗಿ ಇರತಾವ, ಕಿವ್ಯಾಗಿನ ಗಾಳಿ ಬದಲಸಾಕ. ಈ ಗಂಟು ಆ ನಳಿಗಿ ಬಾಯಿಗೆ ಅಡ್ಡ ಕುಂತ್ರ ಕಿವಿಪರದಿ ಹಿಂದ ಅಂಟಿನಂಥ ನೀರು ತುಂಬತೈತಿ. ನೋವು ಇರೂದಿಲ್ಲ, ಸೋರೂದಿಲ್ಲ, ಹೊರಗ ಏನೂ ಗೊತ್ತಾಗೂದಿಲ್ಲ. ಹುಡುಗ ಮಾತ್ರ ಕಿವ್ಯಾಗ ಹತ್ತಿ ಇಟ್ಕೊಂಡವರ ಗತೆ ಕೇಳತಿರತಾನ. ಹಿಂದಿನ ಬೆಂಚಿನ್ಯಾಗ ಕುಂಡ್ರಿಸಿದ್ದು ಅಂಥಾ ಹುಡುಗನ್ನ.

ಈಗ ನನ್ನ ಪ್ರಶ್ನೆಕ್ಕ ಉತ್ತರ ಸಿಕ್ತು, ಒಂದಲ್ಲ ಎರಡು. ಮೊದಲನೇದು ನಾಲಗಿದು. ಮೂಗಿನಿಂದ ಉಸಿರಾಡೂರ ನಾಲಗಿ ಸುಮ್ನಿದ್ದಾಗ ಮ್ಯಾಲ ಅಂಗುಳಕ್ಕ ಹತ್ತಿ ಮಲಗಿರತೈತಿ, ತುಟಿ ಕೂಡಿರತಾವ. ಬಾಯಿಂದ ಉಸಿರಾಡೂರು ಗಾಳಿಗೆ ದಾರಿ ಬಿಡಬೇಕಲ್ಲ, ದವಡಿ ಇಳೀತೈತಿ, ನಾಲಗಿ ತಳಕ್ಕ ಹೋಗಿ ಬೀಳತೈತಿ, ತುಟಿ ಸಡಲ ಆಗತಾವ. ಇ ಅನ್ನಾಕ ನಾಲಗಿ ಮುಂದಿನ ಭಾಗ ಎದ್ದು ಅಂಗುಳದ ಹತ್ರ ಹೋಗಬೇಕು. ಉ ಅನ್ನಾಕ ಹಿಂದಿನ ಭಾಗ ಏಳಬೇಕು, ತುಟಿ ದುಂಡಗಾಗಬೇಕು. ತಳದಾಗ ಬಿದ್ದ ನಾಲಗಿ ಅರ್ಧ ದಾರಿ ಎದ್ದು ನಿಂತ್ರ ಇ ಹೋಗಿ ಎ, ಉ ಹೋಗಿ ಒ. ಆ ಮಾತ್ರ ಯಾವ ತೊಂದ್ರಿ ಇಲ್ಲದ ಬರತೈತಿ, ಯಾಕಂದ್ರ ಬಾಯಿ ಮೊದಲ ತಗದ ಐತಿ. ಎರಡನೇದು ಕಿವಿದು. ಮಸಕಾಗಿ ಕೇಳಿದ ಇ-ಕ್ಕೂ ಎ-ಕ್ಕೂ ಫರಕು ಹುಡುಗನ ತಲ್ಯಾಗ ಗಟ್ಟಿ ಕುಂಡ್ರೂದಿಲ್ಲ. ಕೇಳದ್ದನ್ನ ನಾಲಗಿ ಹ್ಯಾಂಗ ಆಡಬೇಕು? ಬಾಯಿಂದ ಉಸಿರಾಡೂ ಎಲ್ಲಾ ಹುಡುಗೂರ ಮಾತೂ ಕೆಡತೈತಿ ಅಂತಿಲ್ಲ, ಚೊಲೋ ಮಾತಾಡೂರು ಬೇಕಾದಷ್ಟ ಅದಾರ. ಇವಂಗ ಎರಡೂ ಒಟ್ಟಿಗೆ ಕೂಡಿದ್ವು.

ಮೊದಲ ಮೂಗಿಗೆ ಹೊಡಿಯೂ ಸ್ಪ್ರೇ ಕೊಟ್ಟು ಮೂರು ತಿಂಗಳು ನೋಡೂಣು ಅಂದ್ರು. ಕಿವ್ಯಾಗಿನ ನೀರು ಎಷ್ಟೋ ಹುಡುಗೂರಿಗೆ ತಾನ ಇಳೀತೈತಂತ, ಅದಕ್ಕ ಕಾಯಬೇಕು. ನಾವು ಕಾದೇವಿ. ಆ ಮೂರು ತಿಂಗಳಾಗ ಬಂದ ಸಲಹಾ ಬರದ್ರ ಒಂದು ಪುಸ್ತಕ ಆದೀತು. ಬಜಿ ತೇಯ್ದು ನಾಲಗಿಗೆ ಹಚ್ರಿ, ಮಾತು ತಿಳಿ ಆಗತೈತಿ ಅಂದ್ರು. ಮೂಗಿನ್ಯಾಗ ಎಣ್ಣಿ ಬಿಡ್ರಿ ಅಂದ್ರು; ಎಣ್ಣಿ ಜಾರಿ ಪುಪ್ಪುಸಕ್ಕ ಹೋದ್ರ ನ್ಯುಮೋನಿಯಾ ಆಗತೈತಿ ಅಂತ ಡಾಕ್ಟರು ಖಡಕ್ ಹೇಳಿದ್ರು. ಕರ್ಪೂರ ಮೂಸಸ್ರಿ ಅಂದ್ರು; ಕರ್ಪೂರ ಸಣ್ಣ ಹುಡುಗೂರ ಹೊಟ್ಟಿಗೆ ಹೋದ್ರ ಫಿಟ್ಸ್ ಬರತಾವ, ಅವರ ಕೈಗೆ ಸಿಗೂ ಹಂಗ ಇಡಬಾರದು. ಒಬ್ರಂತೂ ಮೊಬೈಲ್ ತೋರಿಸಿ, ಮಲಗುವಾಗ ಬಾಯಿಗೆ ಟೇಪ್ ಹಚ್ರಿ ಅಂದ್ರು! ಮೂಗು ಮೊದಲ ಮುಚ್ಚೈತಿ, ಬಾಯಿನೂ ಮುಚ್ಚಿದ್ರ ಹುಡುಗ ಉಸಿರು ಎಲ್ಲಿಂದ ತಗೋಬೇಕು ಅಂತ ಕೇಳಿದೆ. ಅದಕ್ಕ ಅವರ ಮೊಬೈಲದಾಗ ಉತ್ತರ ಇದ್ದಿಲ್ಲ.

ಬಾಯಿ ಮುಚ್ಚೂ ಹುಚ್ಚು ಹೊಸದಲ್ಲ. 1860ರ ದಶಕದಾಗ ಅಮೆರಿಕಾದ ಜಾರ್ಜ್ ಕ್ಯಾಟ್ಲಿನ್ ಅನ್ನೂ ಚಿತ್ರಗಾರ ಬಾಯಿ ಮುಚ್ಚಿ ಉಸಿರಾಡೂದರ ಮ್ಯಾಲ ಒಂದು ಪುಸ್ತಕನ ಬರದಿದ್ದ. ಅಲ್ಲಿನ ಮೂಲ ನಿವಾಸಿ ತಾಯಂದ್ರು ಕೂಸು ಮಲಗಿದ ಮ್ಯಾಲ ಅದರ ತುಟಿ ಕೂಡಸ್ತಾರ ಅಂತ ಅದರಾಗ ಹೇಳ್ಯಾನ. ಬಾಯಿ ಮುಚ್ಚಿ ಜೀವ ಉಳಿಸ್ಕೊಳ್ರಿ ಅನ್ನೂ ಅರ್ಥದ ಹೆಸರು ಆ ಪುಸ್ತಕಕ್ಕ. ಇದನ್ನ ಹೇಳಿದ್ರ ನಮ್ಮನಿಯವರು ‘ಒಂದು ಪ್ರತಿ ನಿನಗ ತರಸಬೇಕು’ ಅಂದ್ರು. ಇರಲಿ.

ಮೂರು ತಿಂಗಳಾದ್ರೂ ಕಿವ್ಯಾಗಿನ ನೀರು ಇಳೀಲಿಲ್ಲ, ರಾತ್ರಿ ನಡುನಡುವೆ ಉಸಿರು ನಿಂತು ದಡಕ್ಕನ ಏಳತಿದ್ದ. ಆಪರೇಷನ್ ಮಾಡಬೇಕು ಅಂದ್ರು. ಮಾಡೂ ಮೊದಲ ಬಾಯಾಗ ಬೆರಳ ಆಡಿಸಿ ಅಂಗುಳ ಒಳಗ ಸೀಳು ಐತೇನು ಅಂತ ನೋಡಿದ್ರು. ಹಂಗಿದ್ದವರಿಗೆ ಈ ಗಂಟು ತಗದ್ರ ಮಾತಿನ ಗಾಳಿಯೆಲ್ಲಾ ಮೂಗಿನಿಂದ ಸೋರಿ ಮಾತು ಇನ್ನೂ ಕೆಡತೈತಂತ. ಇವಂಗ ಹಂಗಿದ್ದಿಲ್ಲ. ಪೂರಾ ಮಂಪರು ಕೊಟ್ಟು ಗಂಟು ತಗದು ಕಿವ್ಯಾಗಿನ ನೀರು ತಗದ್ರು. ಆ ಹೊತ್ತು ನಾವು ಹೊರಗ ಹ್ಯಾಂಗ ಕುಂತಿದ್ದೇವಿ ಅನ್ನೂದು ಬರಿಯೂದಿಲ್ಲ.

ಎರಡು ದಿನಕ್ಕ ಗೊರಕಿ ನಿಂತು. ರಾತ್ರಿ ಮನಿ ಎಷ್ಟು ಶಾಂತ ಆಗಿತ್ತಂದ್ರ ಸೊಸಿ ನಾಕು ಸಲ ಎದ್ದು ಉಸಿರು ಐತೇನು ಅಂತ ಮೂಗಿನ ಮುಂದ ಕೈ ಇಟ್ಟು ನೋಡ್ಯಾಳ. ಒಂದೆರಡು ವಾರ ಮಾತು ಉಲ್ಟಾ ಮೂಗಿನ್ಯಾಗ ಬಂತು, ಅದು ಆಗೂದ ಅಂತ ಮೊದಲ ಹೇಳಿದ್ರು. ತಿಂಗಳದಾಗ ಬಬ್ಬಿ ಹೋಗಿ ಮಮ್ಮಿ ಆದ್ಲು. ಮಾಮಾ ಮಾಮಾನ ಆದ. ಎಲ್ಲಾರೂ ಆರಾಮ ಆತು ಅಂದ್ರು. ಆದ್ರ ಇಲಿ ಎಲಿನ ಇತ್ತು, ಹುಳಿ ಹೊಳಿನ ಇತ್ತು. ಬಾಗಿಲ ತಗದ್ರೂ ನಾಲಗಿ ತನ್ನ ಹಳೇ ಜಾಗಾ ಬಿಟ್ಟಿದ್ದಿಲ್ಲ. ತುಟಿನೂ ಹಂಗ, ಮೂಗು ಖುಲ್ಲಾ ಇದ್ರೂ ಟಿವಿ ಮುಂದ ಕುಂತ್ರ ಬಾಯಿ ತಾನ ತಗೀತಿತ್ತು.

ಸ್ಪೀಚ್ ಥೆರಪಿ ಅಕ್ಕಾರ ಹತ್ರ ಕಳಿಸಿದ್ರು. ಚೊಲೋ ಹೆಣ್ಣಮಗಳು, ಆದ್ರ ಮರಾಠಿ. ಅವರ ಚಿತ್ರದ ಪಟ ಎಲ್ಲಾ ಮರಾಠಿ. ಇಲಿ ಚಿತ್ರ ತೋರಿಸಿದ್ರ ಉಂದೀರ್ ಅನಬೇಕು. ನಮ್ಮ ಹುಡುಗಗ ಮರಾಠಿ ಬರತೈತಿ, ಗಡಿ ಊರಾಗ ಯಾರಿಗೆ ಬರೂದಿಲ್ಲ? ಆದ್ರ ಇಲ್ಲೊಂದು ತೊಡಕೈತಿ. ಮರಾಠಿಗೆ ಏ ಒಂದ, ಓ ಒಂದ. ನಮ್ಮ ಸಣ್ಣ ಎ, ಸಣ್ಣ ಒ ಅವರಿಗೆ ಬ್ಯಾರೆ ಅಕ್ಷರನ ಇಲ್ಲ. ಇ ಜಾರಿ ಎ ಆದ್ರ ನಮಗ ಪದನ ಬದಲಾಗತೈತಿ. ಇಲಿ ಪ್ರಾಣಿ, ಎಲಿ ಗಿಡದ್ದು. ಅವರ ಪಟದಾಗ ಆ ಜೋಡಿ ಹ್ಯಾಂಗ ಸಿಗಬೇಕು? ಅವರ ಹೇಳಿದ್ರು, ‘ಅಜ್ಜಿ, ತುಮ್ಹೀಚ್ ಕರಾ’, ನೀವ ಮಾಡ್ರಿ, ನಿಮ್ಮ ಭಾಷಾದಾಗಿನ ಜೋಡಿ ಪದ ಬರಕೊಂಡು ಬರ್ರಿ, ಹ್ಯಾಂಗ ಆಡಸಬೇಕಂತ ನಾ ತೋರಸ್ತೀನಿ ಅಂತ.

ಹಂಗ ನಾನು ಅಡಗಿಮನ್ಯಾಗ ಕುಂತು ಪಟ್ಟಿ ಮಾಡಿದೆ. ರೊಟ್ಟಿ ಬಡೀತಿದ್ದಂಗ ಒಂದೊಂದ ನೆನಪಾಗೂದು, ಹಿಟ್ಟಿನ ಕೈಲೆನ ಬರಿಯೂದು. ಇಲಿ-ಎಲಿ. ಬಿಳಿ-ಬೆಳಿ. ಹುಳಿ-ಹೊಳಿ. ಕುಡಿ-ಕೊಡಿ. ಉಡಿ-ಒಡಿ. ಬಿಡು ಒಂದು ಕಡೆ, ಬೇಡು ಒಂದು ಕಡೆ. ಸೊಸಿ ಪುಠ್ಠಾದ ಮ್ಯಾಲ ಚಿತ್ರ ತಗದ್ಲು. ಆಟ ಹಿಂಗ: ಎರಡು ಚಿತ್ರ ಇಟ್ಟು ನಾವು ಒಂದು ಹೆಸರು ಹೇಳಬೇಕು, ಅಂವ ಬೆರಳ ಮಾಡಬೇಕು. ಮೊದಲ ಕಿವಿ ಪಳಗಬೇಕು. ಆಮ್ಯಾಲ ಅಂವ ಹೇಳೂದು, ನಾವು ಬೆರಳ ಮಾಡೂದು. ಹುಳಿ ಬೇಕಂದು ಹೊಳಿ ಅಂದ್ರ ನಾ ಹೊಳಿ ಚಿತ್ರನ ಕೊಡತೀನಿ. ಸಿಟ್ಟಿಗೇಳತಾನ, ಮತ್ತ ತುಟಿ ದುಂಡಗ ಮಾಡಿ ಹೇಳತಾನ. ಪೀಪಿ ಊದಸ್ರಿ, ಬಲೂನ ಊದಸ್ರಿ ಅಂತ ಮಂದಿ ಹೇಳತಾರ. ಊದಲಿ, ಆಟ ಅದು. ಮಾತು ತಿದ್ದೂದು ಮಾತಿನಿಂದನ ಅಂತ ಅಕ್ಕಾರು ಹೇಳ್ಯಾರ. ದಿನಾ ಹತ್ತು ನಿಮಿಷ, ಬೈಯೂದು ಇಲ್ಲ, ಬೀಗರ ಮುಂದ ಹೇಳಸೂದಂತೂ ಇಲ್ಲ.

ಖರ್ಚಿನ ಮಾತು ಕೇಳೂರು ಇರತೀರಿ. ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರ್ಕಾರಿ ಸಾಲಿಗೆ ಒಂದು ಸಲ ಹುಡುಗೂರನ್ನ ನೋಡಾಕ ಡಾಕ್ಟರ್ ತಂಡ ಬರತೈತಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಾಗ ಶುರು ಆಗಿದ್ದು, ಹುಟ್ಟಿದ ಕೂಸಿನಿಂದ 18 ವರ್ಷದತನಕ. ಕಿವಿ ಕೇಳಸದ್ದು, ಮಾತು ತಡ ಆಗಿದ್ದು ಅವರ ಪಟ್ಟ್ಯಾಗ ಅದಾವ. ಅವರು ಬಂದ ದಿನ ಹುಡುಗನ್ನ ಮನ್ಯಾಗ ಇಟ್ಕೋಬ್ಯಾಡ್ರಿ, ಬಾಯಿ ಬಿಟ್ಟು ಮಲಗತಾನ, ಗೊರಕಿ ಹೊಡೀತಾನ, ಕರದ್ರ ತಿರಗೂದಿಲ್ಲ ಅಂತ ನೀವಾಗಿ ಹೇಳ್ರಿ. ಕನ್ನಡದಾಗನ ತೋರಿಸಬೇಕು ಅನ್ನೂರಿಗೆ ಮೈಸೂರಿನ ಮಾನಸಗಂಗೋತ್ರಿಯಾಗ 1965ರಾಗ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಐತಿ. ನಮಗ ಅದು ಭಾಳ ದೂರ, ಆದ್ರ ಆ ಕಡೆ ಮಕ್ಕಳು ಮರಿ ಇದ್ದವರಿಗೆ ಆದೀತು.

ಇ ಈಗ ಹತ್ತರಾಗ ಎಂಟು ಸಲ ಸರಿ ಬರತೈತಿ. ಉ ಇನ್ನೂ ಹಟ ಹಿಡದೈತಿ, ಸಂಜಿಮುಂದ ದಣದಾಗ ಜಾರತೈತಿ. ಸಾಲಿ ಬದಲ ಮಾಡೇವಿ. ಹೊಸ ಅಕ್ಕಾರಿಗೆ ಕಿವಿ ಪರೀಕ್ಷಾದ ಕಾಗದ ತೋರಿಸಿ ಮುಂದಿನ ಬೆಂಚು ಕೇಳಕೊಂಡೇವಿ, ಕೊಟ್ಟಾರ. ಬರೂ ತಿಂಗಳು ಮತ್ತ ಕಿವಿ ತೋರಸಾಕ ಮಿರಜಕ್ಕ ಹೋಗಬೇಕು. ಅಷ್ಟರಾಗ ಉ-ಕ್ಕೂ ಒ-ಕ್ಕೂ ಇನ್ನೊಂದು ಹತ್ತು ಜೋಡಿ ಬೇಕಂದಾರ. ನಿಮ್ಮ ನೆನಪಿಗೆ ಬಂದವು ಇದ್ರ ಕಳಸ್ರಿ, ಚಿತ್ರ ತಗಿಯಾಕ ಬರೂ ಅಂಥಾವ ಇರಲಿ.